ಎಂಬತ್ತು ಕಾಲಮ್ಮಿನ ಆಕಾಶ

ಭೂಮಿಯಿಂದ ಸುಮಾರು 15 ಲಕ್ಷ ಕಿಲೋಮೀಟರ್ ಆಚೆ ನಿಂತಿರುವ ಜೇಮ್ಸ್ ವೆಬ್ ದೂರದರ್ಶಕದ ಒಂದು ಕಡತವನ್ನು ಇಳಿಸಿಕೊಂಡು, ಚಿತ್ರ ತೋರಿಸುವ ತಂತ್ರಾಂಶದಲ್ಲಿ ತೆರೆಯದೆ, ಬರೀ ಅಕ್ಷರ ತೋರಿಸುವ ಸಾದಾ ಎಡಿಟರಿನಲ್ಲಿ ತೆರೆದರೆ ಏನು ಕಾಣುತ್ತದೆ? ನಕ್ಷತ್ರವಿಲ್ಲ, ನಿಹಾರಿಕೆಯಿಲ್ಲ. ಮೊದಲಿಗೆ ಕಾಣುವುದು ಇಂಗ್ಲಿಷ್ ದೊಡ್ಡಕ್ಷರಗಳ ಒಂದು ಪಟ್ಟಿ: ಯಾವ ಕ್ಯಾಮೆರಾ, ಯಾವ ದಿನ, ಎಷ್ಟು ಸೆಕೆಂಡಿನ ಎಕ್ಸ್‌ಪೋಷರ್. ಪ್ರತಿ ನಮೂದಿನ ಉದ್ದವೂ ಕರಾರುವಾಕ್ಕಾಗಿ 80 ಅಕ್ಷರ. ಹೇಳಬೇಕಾದ್ದು 20 ಅಕ್ಷರದಲ್ಲೇ ಮುಗಿದರೂ ಮಿಕ್ಕ 60 ಜಾಗವನ್ನು ಖಾಲಿ ಅಕ್ಷರಗಳಿಂದ ತುಂಬಿಸಿರುತ್ತಾರೆ. ನಮೂದಿನ ಹೆಸರು 8 ಅಕ್ಷರ ದಾಟುವಂತಿಲ್ಲ.

ಯಾಕೆ 80? ಐಬಿಎಂ ಕಂಪನಿ 1928ರಲ್ಲಿ ತಂದ ತೂತಿನ ಕಾರ್ಡಿನಲ್ಲಿ 80 ಕಾಲಮ್ಮುಗಳಿದ್ದವು, ಅದಕ್ಕೆ. ಸುಮಾರು ಸಾವಿರ ಕೋಟಿ ಡಾಲರ್ ವೆಚ್ಚದ ದೂರದರ್ಶಕ ಇವತ್ತಿಗೂ ಆ ರಟ್ಟಿನ ಅಗಲವನ್ನು ಮೀರದೆ ತನ್ನ ವರದಿ ಒಪ್ಪಿಸುತ್ತದೆ.

ಇದು ವಿಜ್ಞಾನಿಗಳ ಸೋಮಾರಿತನ ಎಂದು ನಗುವವರಿದ್ದಾರೆ. ನಗು ತಪ್ಪಲ್ಲ. ಆದರೆ ಈ 80ರ ಹಿಂದೆ ಇರುವುದು ಸೋಮಾರಿತನಕ್ಕೆ ತದ್ವಿರುದ್ಧವಾದ ಒಂದು ಕೆಲಸ. ಹೊಸ ಯಂತ್ರ ಬಂದಾಗಲೆಲ್ಲ ಹಳೆಯ ತಂತ್ರಾಂಶ ಅದರ ಮೇಲೂ ಓಡುವಂತೆ ಮಾಡುವ, ಯಾರ ಕಣ್ಣಿಗೂ ಬೀಳದ ದುಡಿಮೆ ಅದು.

ಕಾರ್ಡಿನ ಕಾಲದಲ್ಲಿ ಕಂಪ್ಯೂಟರಿನ ಮುಂದೆ ಕೂರುವ ಭಾಗ್ಯ ವಿಜ್ಞಾನಿಗೆ ಇರಲಿಲ್ಲ. ಚೌಕುಳಿಯ ಕೋಡಿಂಗ್ ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಪ್ರೋಗ್ರಾಂ ಬರೆಯಬೇಕು. ಸೊನ್ನೆ ಯಾವುದು, ‘ಓ’ ಅಕ್ಷರ ಯಾವುದು ಎಂದು ಗೊಂದಲವಾಗದಂತೆ ಒಂದಕ್ಕೆ ಅಡ್ಡಗೆರೆ ಎಳೆಯಬೇಕು. ಆಮೇಲೆ ಪಂಚಿಂಗ್ ಯಂತ್ರ. ಒಂದು ಸಾಲಿಗೆ ಒಂದು ಕಾರ್ಡು. ಕಾರ್ಡುಗಳ ಕಟ್ಟನ್ನು ಕಂಪ್ಯೂಟರ್ ಕೇಂದ್ರದ ಕಿಟಕಿಯಲ್ಲಿ ಕೊಟ್ಟು ಬಂದರೆ ಸರದಿ ಬಂದಾಗ ಯಂತ್ರಕ್ಕೆ ಉಣಿಸುತ್ತಿದ್ದರು. ಫಲಿತಾಂಶ ಸಿಗುವುದು ಕೆಲವು ಗಂಟೆ ಬಿಟ್ಟು, ಇಲ್ಲವೇ ಮರುದಿನ. ಎಲ್ಲೋ ಒಂದು ಅಲ್ಪವಿರಾಮ ತಪ್ಪಿದ್ದರೆ ಉದ್ದನೆಯ ಮಡಿಕೆ ಕಾಗದದ ಮೇಲೆ ಒಂದೇ ಸಾಲಿನ ಬೈಗುಳ ಬರುತ್ತಿತ್ತು. ಆ ಕಾರ್ಡನ್ನು ಮತ್ತೆ ಪಂಚ್ ಮಾಡಿಸಿ ಸರದಿಯ ಬಾಲಕ್ಕೆ ನಿಲ್ಲಬೇಕಿತ್ತು. ಕಟ್ಟು ಕೈಜಾರಿ ಮೆಟ್ಟಿಲ ಮೇಲೆ ಚೆಲ್ಲಿತೆಂದರೆ ಆ ದಿನ ಹೋದಂತೆಯೇ. ಜಾಣರು ಕಟ್ಟಿನ ಮೇಲಂಚಿನಲ್ಲಿ ಮೂಲೆಯಿಂದ ಮೂಲೆಗೆ ಓರೆ ಗೆರೆ ಎಳೆದಿಟ್ಟುಕೊಳ್ಳುತ್ತಿದ್ದರು. ಗೆರೆ ಕೂಡಿದರೆ ಕ್ರಮವೂ ಕೂಡಿತು.

1957ರಲ್ಲಿ ಜಾನ್ ಬ್ಯಾಕಸ್ ತಂಡ ಐಬಿಎಂ 704 ಯಂತ್ರಕ್ಕೆಂದು ಫೋರ್ಟ್ರಾನ್ ಭಾಷೆ ರೂಪಿಸಿದಾಗ ಆ ಯಂತ್ರದ ಅಂಗಾಂಗದ ಗುರುತೆಲ್ಲ ಭಾಷೆಯ ಮೇಲೆ ಅಚ್ಚೊತ್ತಿತು. 704ರ ಕಾರ್ಡ್ ರೀಡರ್ ಒಂದು ಸಾಲಿನಲ್ಲಿ ಓದುತ್ತಿದ್ದದ್ದು 72 ಕಾಲಮ್ಮುಗಳನ್ನು, ಅಂದರೆ 36 ಬಿಟ್‌ಗಳ ಎರಡು ‘ಪದ’ಗಳನ್ನು (ಯಂತ್ರ ಒಂದೇ ಸಲಕ್ಕೆ ನಿಭಾಯಿಸುವ ಬಿಟ್‌ಗಳ ಗುಂಪೇ ‘ಪದ’). ಹಾಗಾಗಿ ಫೋರ್ಟ್ರಾನ್ ವಾಕ್ಯ 72ನೆಯ ಕಾಲಮ್ಮಿಗೆ ಮುಗಿಯಬೇಕು; ಉಳಿದ 8 ಕಾಲಮ್ಮುಗಳಲ್ಲಿ ಕಾರ್ಡಿನ ಕ್ರಮಸಂಖ್ಯೆ ಹೊಡೆಯಬಹುದು. ಒಂದು ಅಕ್ಷರಕ್ಕೆ 6 ಬಿಟ್ ಬೇಕಿದ್ದರಿಂದ 36 ಬಿಟ್‌ಗಳಲ್ಲಿ ಹಿಡಿಯುವುದು 6 ಅಕ್ಷರ. ಆದ್ದರಿಂದ ಯಾವ ಹೆಸರೂ 6 ಅಕ್ಷರ ಮೀರಕೂಡದು.

ಆ ಯಂತ್ರ ಗುಜರಿಗೆ ಹೋಗಿ ಎಷ್ಟೋ ಕಾಲವಾಯಿತು. ಅದರ ಆರು ಅಕ್ಷರ ಹೋಗಲಿಲ್ಲ. ಇವತ್ತು ಎಂಜಿನಿಯರಿಂಗ್ ವಿದ್ಯಾರ್ಥಿ ಪೈಥಾನ್‌ನಲ್ಲಿ ಒಂದು ಸಾಲು ಬರೆದು ಸಮೀಕರಣಗಳ ಗುಂಪನ್ನು ಬಿಡಿಸಿದರೆ, ಒಳಗೆ ಆ ಕೆಲಸ ಮಾಡುವುದು 1992ರಲ್ಲಿ ಮೊದಲು ಬಿಡುಗಡೆಯಾದ ಲ್ಯಾಪ್ಯಾಕ್ ಎಂಬ ಫೋರ್ಟ್ರಾನ್ ಸಂಗ್ರಹದ ವಿಧಾನ. ಅದರ ಹಿಂದೆ 1979ರ ಲಿನ್‌ಪ್ಯಾಕ್, ಅದಕ್ಕೂ ಹಿಂದೆ ಐಸ್‌ಪ್ಯಾಕ್. ಒಳಗಿನ ವಿಧಾನಗಳ ಹೆಸರುಗಳು ಈಗಲೂ ಐದಾರು ಅಕ್ಷರದ ಒಗಟುಗಳು. ಈ ಸಂಗ್ರಹಗಳನ್ನು ಕಟ್ಟಿ, ಹೊಸ ಹೊಸ ಕಂಪ್ಯೂಟರುಗಳಿಗೆ ಒಗ್ಗಿಸುತ್ತ ಬಂದವರಲ್ಲಿ ಪ್ರಮುಖರಾದ ಜ್ಯಾಕ್ ಡೊಂಗಾರಾ ಅವರಿಗೆ 2021ರ ಟ್ಯೂರಿಂಗ್ ಪ್ರಶಸ್ತಿ ಬಂತು. ನಿರ್ವಹಣೆಯ ಕೆಲಸಕ್ಕೆ ಇಷ್ಟು ದೊಡ್ಡ ಮನ್ನಣೆ ಸಿಗುವುದು ತೀರ ಅಪರೂಪ.

ಭಾರತದಲ್ಲೂ ಈ ಕತೆ ಬೇಗನೇ ಶುರುವಾಗಿತ್ತು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಆರ್. ನರಸಿಂಹನ್ ಮುಂದಾಳತ್ವದ ತಂಡ ತಾವೇ ಕಟ್ಟಿದ ಟಿಫ್ರಾಕ್ ಯಂತ್ರವನ್ನು 1960ರಲ್ಲಿ ಕೆಲಸಕ್ಕೆ ಹಚ್ಚಿತು. ಅದರ ಮೆಮೊರಿ 40 ಬಿಟ್‌ಗಳ 2,048 ಪದ, ಇಂದಿನ ಲೆಕ್ಕದಲ್ಲಿ 10 ಕಿಲೋಬೈಟ್. ಮೊಬೈಲಿನಲ್ಲಿ ಕಳಿಸುವ ಒಂದು ‘ಶುಭೋದಯ’ದ ಚಿತ್ರವೂ ಅದರಲ್ಲಿ ಹಿಡಿಸದು. 1963ರಲ್ಲಿ ಕಾನ್ಪುರದ ಐಐಟಿಗೆ ಐಬಿಎಂ 1620 ಬಂತು, ಮರುವರ್ಷ ಮುಂಬಯಿಯ ಅದೇ ಸಂಸ್ಥೆಗೆ ಸಿಡಿಸಿ 3600 ಬಂತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕಂಪ್ಯೂಟರ್ ಕೇಂದ್ರದಲ್ಲಿ 1970ರ ದಶಕದ ಆರಂಭಕ್ಕೆ ಐಬಿಎಂ 360/44 ಇತ್ತು. ಕಾನ್ಪುರದಲ್ಲಿ ಪಾಠ ಹೇಳಿ 1982ರಲ್ಲಿ ಬೆಂಗಳೂರಿಗೆ ಬಂದ ವಿ. ರಾಜಾರಾಮನ್ ಅವರ ಫೋರ್ಟ್ರಾನ್ ಪುಸ್ತಕ ಹಿಡಿದೇ ದೇಶದ ಒಂದು ಇಡೀ ಪೀಳಿಗೆ ಪ್ರೋಗ್ರಾಂ ಬರೆಯಲು ಕಲಿತದ್ದು.

ಟಿಫ್ರಾಕ್‌ನ ಯಂತ್ರಭಾಷೆಯಲ್ಲಿ ಬರೆದದ್ದು ಆ ಯಂತ್ರದೊಡನೆಯೇ ಮುಗಿಯಿತು. ಬೇರೆ ಯಂತ್ರಕ್ಕೆ ಅದು ಅರ್ಥವಾಗದು. ಫೋರ್ಟ್ರಾನ್‌ನಲ್ಲಿ ಬರೆದದ್ದು ಅಲ್ಪಸ್ವಲ್ಪ ತಿದ್ದುಪಡಿಯೊಂದಿಗೆ ಮುಂದಿನ ಯಂತ್ರಕ್ಕೆ ದಾಟಿಕೊಂಡಿತು. ಆದರೆ ಪ್ರೋಗ್ರಾಂ ದಾಟಿದರೆ ಸಾಕೇ? ದತ್ತಾಂಶ ದಾಟಬೇಡವೇ?

ಈ ಪ್ರಶ್ನೆ ಎಲ್ಲರಿಗಿಂತ ಹೆಚ್ಚು ಕಾಡಿದ್ದು ಖಗೋಳ ವಿಜ್ಞಾನಿಗಳನ್ನು. ಒಂದೇ ಗೆಲಾಕ್ಸಿಯನ್ನು ಅರಿಜೋನಾದ ಕಿಟ್ ಪೀಕ್‌ನಲ್ಲಿ ಬೆಳಕಿನಲ್ಲೂ ಬೇರೆಡೆ ರೇಡಿಯೋ ತರಂಗದಲ್ಲೂ ನೋಡಿದ್ದಾರೆ. ಎರಡನ್ನೂ ಒಂದರ ಮೇಲೊಂದು ಇಟ್ಟು ಹೋಲಿಸಬೇಕು. ಕಿಟ್ ಪೀಕ್‌ನವರ ಸಿಡಿಸಿ ಕಂಪ್ಯೂಟರಿನ ‘ಪದ’ 60 ಬಿಟ್. ಅಮೆರಿಕದ ರಾಷ್ಟ್ರೀಯ ರೇಡಿಯೋ ಖಗೋಳ ವೀಕ್ಷಣಾಲಯದ ಐಬಿಎಂ ಯಂತ್ರದ ಪದ 32 ಬಿಟ್. ಒಬ್ಬರು ಬರೆದ ಮ್ಯಾಗ್ನೆಟಿಕ್ ಟೇಪು ಇನ್ನೊಬ್ಬರಿಗೆ ಬರೀ ಕಸ. 1979ರಲ್ಲಿ ಕಿಟ್ ಪೀಕ್‌ನ ಡಾನ್ ವೆಲ್ಸ್ ಮತ್ತು ರೇಡಿಯೋ ವೀಕ್ಷಣಾಲಯದ ಎರಿಕ್ ಗ್ರೈಸನ್ ಕೂತು ಮಾತಾಡಿ ಎರಡೂ ಕಡೆಗೆ ಒಪ್ಪುವ ಒಂದು ಕಡತ ರೂಪವನ್ನು ನಿಶ್ಚಯಿಸಿದರು. ಅದೇ ಫಿಟ್ಸ್; ಮೊದಲಿಗೆ ತೆರೆದು ನೋಡಿದ ವೆಬ್ ಕಡತವೂ ಇದೇ ರೂಪದ್ದು. ನೆದರ್‌ಲ್ಯಾಂಡ್ಸ್‌ನ ಖಗೋಳಜ್ಞರೂ ಕೈಜೋಡಿಸಿದರು. 1981ರಲ್ಲಿ ಪ್ರಬಂಧ ಪ್ರಕಟವಾಯಿತು, ಮರುವರ್ಷ ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ಅನುಮೋದಿಸಿತು.

ಫಿಟ್ಸ್ ಕಡತವನ್ನು 2,880 ಬೈಟುಗಳ ತುಂಡುಗಳಾಗಿ ಬರೆಯುತ್ತಾರೆ. ಈ ಸಂಖ್ಯೆ ಆಕಾಶದಿಂದ ಉದುರಿದ್ದಲ್ಲ. 80 ಅಕ್ಷರದ 36 ಕಾರ್ಡು ಸೇರಿದರೆ 2,880. ಅಷ್ಟೇ ಅಲ್ಲ, 2,880 ಬೈಟು ಎಂದರೆ 23,040 ಬಿಟ್. ಇದನ್ನು 12, 16, 18, 24, 32, 36, 48, 60, 64 ಯಾವುದರಿಂದ ಭಾಗಿಸಿದರೂ ಶೇಷ ಉಳಿಯದು. ಆ ಕಾಲದ ಪ್ರಯೋಗಾಲಯಗಳಲ್ಲಿದ್ದ ಕಂಪ್ಯೂಟರುಗಳ ಪದದ ಉದ್ದ ಇವೇ. ಯಾವ ಕಂಪನಿಯ ಯಂತ್ರಕ್ಕೂ ಅನ್ಯಾಯವಾಗದ ಹಾಗೆ ಪಾಲು ಹಂಚುವ ಈ ಲೆಕ್ಕಾಚಾರ ಇಡೀ ವ್ಯವಹಾರದ ಅತ್ಯಂತ ಚಂದದ ಭಾಗ.

ಅದಕ್ಕಿಂತ ದೊಡ್ಡ ನಿರ್ಧಾರ ಇನ್ನೊಂದಿತ್ತು: ಒಮ್ಮೆ ಫಿಟ್ಸ್ ಎನಿಸಿಕೊಂಡ ಕಡತ ಎಂದೆಂದಿಗೂ ಫಿಟ್ಸ್ ಆಗಿಯೇ ಉಳಿಯಬೇಕು. ಹೊಸ ಸೌಲಭ್ಯ ಸೇರಿಸಬಹುದು, ಹಳೆಯ ಕಡತ ಓದಲಾಗದಂತೆ ಮಾಡುವಂತಿಲ್ಲ. 2000ನೇ ಇಸವಿ ಹತ್ತಿರವಾದಾಗ ದಿನಾಂಕದಲ್ಲಿ ಇಸವಿಗೆ ಎರಡೇ ಅಂಕೆ ಇದ್ದದ್ದು ತೊಡಕಾಯಿತು. ನಾಲ್ಕಂಕೆಯ ಹೊಸ ರೂಪ ತಂದರು. ಹಾಗೆಂದು ಹಳೆಯದನ್ನು ಅಮಾನ್ಯ ಮಾಡಲಿಲ್ಲ. ಈ ಹಟದ ಮೇಲೆ ನಂಬಿಕೆಯಿಟ್ಟೇ ವ್ಯಾಟಿಕನ್ ಗ್ರಂಥಾಲಯ ತನ್ನ ಪ್ರಾಚೀನ ಹಸ್ತಪ್ರತಿಗಳ ಚಿತ್ರಗಳನ್ನು ಕಾಪಿಡಲು ಖಗೋಳಜ್ಞರ ಈ ರೂಪವನ್ನು ಆರಿಸಿಕೊಂಡಿತು.

ಕಡತ ರೂಪ ಎಂದರೆ ಕಾಗದದ ಮೇಲಿನ ಒಪ್ಪಂದ. ಅದನ್ನು ಉಳಿಸಿಕೊಳ್ಳುವುದು ಸುಲಭ. ಓಡುವ ತಂತ್ರಾಂಶವನ್ನು ಉಳಿಸಿಕೊಳ್ಳುವುದೇ ಕಷ್ಟ.

ಅದಕ್ಕೆ ಏಪ್ಸ್ ಎಂಬ ತಂತ್ರಾಂಶಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದಿಲ್ಲ. ನ್ಯೂ ಮೆಕ್ಸಿಕೋದ ಬಯಲಿನಲ್ಲಿ 27 ತಟ್ಟೆಗಳ ವಿಎಲ್‌ಎ ದೂರದರ್ಶಕ ಏಳುತ್ತಿದ್ದಾಗ, ಅದರ ದತ್ತಾಂಶದಿಂದ ಚಿತ್ರ ಕಟ್ಟಲೆಂದು 1978ರಲ್ಲಿ ವರ್ಜೀನಿಯಾದ ಷಾರ್ಲಟ್ಸ್‌ವಿಲ್‌ನಲ್ಲಿ ಇದರ ಕೆಲಸ ಶುರುವಾಯಿತು. ಮೊದಲಿಂದಲೂ ಇದರೊಡನೆ ಗುರುತಿಸಿಕೊಂಡವರು ಅದೇ ಎರಿಕ್ ಗ್ರೈಸನ್. ರೇಡಿಯೋ ದೂರದರ್ಶಕ ಕ್ಯಾಮೆರಾದಂತೆ ಚಿತ್ರ ತೆಗೆಯುವುದಿಲ್ಲ. ಎರಡೆರಡು ತಟ್ಟೆಗಳ ಸಂಕೇತವನ್ನು ಹೋಲಿಸಿ ಬಂದ ಸಂಖ್ಯೆಗಳ ರಾಶಿಯಿಂದ ಗಣಿತದ ಮೂಲಕ ಚಿತ್ರ ಕಟ್ಟಬೇಕು. ತಟ್ಟೆಗಳ ನಡುವಿನ ಖಾಲಿ ಜಾಗದ ಕಾರಣ ಚಿತ್ರದ ತುಂಬ ಹುಸಿ ಗೆರೆಗಳು ಮೂಡುತ್ತವೆ. ಅವನ್ನು ತೊಳೆಯಲು 1974ರಲ್ಲಿ ಯಾನ್ ಹಾಗ್‌ಬೊಮ್ ಕೊಟ್ಟ ‘ಕ್ಲೀನ್’ ಎಂಬ ವಿಧಾನ ಬೇಕು. ಇದೆಲ್ಲ ಏಪ್ಸ್ ಒಳಗಿದೆ, ಬಹುಪಾಲು ಫೋರ್ಟ್ರಾನ್‌ನಲ್ಲಿ.

ಮೊದಲು ಇದು ಓಡಿದ್ದು ಮಾಡ್‌ಕಾಂಪ್ ಮತ್ತು ವ್ಯಾಕ್ಸ್ ಯಂತ್ರಗಳಲ್ಲಿ. ಎರಡು ಬೇರೆ ಬೇರೆ ಯಂತ್ರಗಳಲ್ಲಿ ಓಡಿಸಬೇಕಾದ ಒತ್ತಡವೇ ಒಂದು ಜಾಣತನ ಕಲಿಸಿತು. ಟೇಪು ಓದುವುದು, ಕಡತ ತೆರೆಯುವುದು, ದಿನಾಂಕ ಕೇಳುವುದು ಮುಂತಾಗಿ ಯಂತ್ರಕ್ಕೆ ಅಂಟಿಕೊಂಡ ಕೆಲಸಗಳನ್ನೆಲ್ಲ ಬೇರ್ಪಡಿಸಿ, ‘ಝಡ್’ ಅಕ್ಷರದಿಂದ ಶುರುವಾಗುವ ಹೆಸರಿನ ಪುಟ್ಟ ವಿಧಾನಗಳಲ್ಲಿ ಇಟ್ಟರು. ಯಂತ್ರ ಬದಲಾದರೆ ಝಡ್ ವಿಧಾನಗಳನ್ನು ಬದಲಿಸಿದರಾಯಿತು. ಗಣಿತ ಬರೆದ ಭಾಗವನ್ನು ಮುಟ್ಟಬೇಕಿಲ್ಲ. ವ್ಯಾಕ್ಸ್ ಹೋಗಿ ಯುನಿಕ್ಸ್ ವರ್ಕ್‌ಸ್ಟೇಷನ್, ಅದು ಹೋಗಿ ಲಿನಕ್ಸ್, ಮ್ಯಾಕ್. ಏಪ್ಸ್ ಮಾತ್ರ ಹೋಗಲಿಲ್ಲ. ‘ಮಿಡ್‌ನೈಟ್ ಜಾಬ್’ ಎಂಬ ಏರ್ಪಾಡಿನಿಂದ, ದೂರದ ಊರುಗಳ ಕಂಪ್ಯೂಟರುಗಳು ರಾತ್ರಿ ವೇಳೆ ಆ ದಿನದ ತಿದ್ದುಪಡಿಗಳನ್ನು ತಾವಾಗಿಯೇ ತರಿಸಿಕೊಳ್ಳುತ್ತಿದ್ದವು. ಅದರ ಕೈಪಿಡಿಯನ್ನು ‘ಅಡುಗೆ ಪುಸ್ತಕ’ ಎನ್ನುತ್ತಾರೆ. ತಂತ್ರಾಂಶದ ಹೆಸರು ಇಂಗ್ಲಿಷಿನಲ್ಲಿ ವಾನರರನ್ನು ನೆನಪಿಸುವುದರಿಂದ, ಅಧ್ಯಾಯಗಳ ನಡುವೆ ನಿಜವಾಗಿಯೂ ಬಾಳೆಹಣ್ಣಿನ ತಿನಿಸುಗಳ ವಿಧಾನ ಅಚ್ಚಾಗಿದೆ. ಕೈಪಿಡಿ ಬರೆಯುವವರಿಗೆ ಇಷ್ಟು ಲವಲವಿಕೆ ಇದ್ದರೆ ಅದನ್ನು ಓದುವವರೂ ಸಿಗುತ್ತಾರೆ.

1990ರ ದಶಕದ ಆರಂಭದಲ್ಲಿ ಏಪ್ಸ್‌ಗೆ ವಯಸ್ಸಾಯಿತು ಎಂದು ಹಲವು ದೇಶಗಳ ಸಂಸ್ಥೆಗಳು ಸೇರಿ ಹೊಸ ತಂತ್ರಾಂಶಕ್ಕೆ ಕೈಹಾಕಿದವು. ಸಿ++ ಭಾಷೆ, ಹೊಸ ವಿನ್ಯಾಸ, ಹೆಸರು ಏಪ್ಸ್++. ದಶಕ ದಾಟಿದರೂ ಅದು ಹಳೆಯದರ ಜಾಗ ಹಿಡಿಯಲಿಲ್ಲ. ಕೊನೆಗೆ ಆ ಕೋಡಿನ ಮೇಲೆಯೇ ಕಾಸಾ ಎಂಬ ತಂತ್ರಾಂಶ ಬೆಳೆದು ಇಂದು ಚಿಲಿಯ ಆಲ್ಮಾ ಮತ್ತು ವಿಎಲ್‌ಎ ಎರಡಕ್ಕೂ ಮುಖ್ಯ ಸಾಧನವಾಗಿದೆ ಎನ್ನುವುದು ನಿಜ. ಆದರೆ ನಿವೃತ್ತನಾಗಬೇಕಿದ್ದ ಮುದುಕ ನಡುವೆ ಮಾಡಿದ ಕೆಲಸ ನೋಡಬೇಕು. 2019ರ ಏಪ್ರಿಲ್‌ನಲ್ಲಿ ಎಂ87 ಗೆಲಾಕ್ಸಿಯ ಕಪ್ಪುಕುಳಿಯ ಮೊದಲ ಚಿತ್ರ ಪ್ರಕಟಿಸುವ ಮುನ್ನ, ಈವೆಂಟ್ ಹೊರೈಜನ್ ದೂರದರ್ಶಕದ ತಂಡ ಅದೇ ದತ್ತಾಂಶವನ್ನು ಮೂರು ಬೇರೆ ತಂತ್ರಾಂಶಗಳಲ್ಲಿ ಸಂಸ್ಕರಿಸಿ ತಾಳೆ ನೋಡಿತು. ಆ ಮೂರರಲ್ಲಿ ಒಂದು ಏಪ್ಸ್. ಚಿತ್ರ ಕಟ್ಟುವ ಹಂತದಲ್ಲೂ ಹೊಸ ವಿಧಾನಗಳ ಪಕ್ಕದಲ್ಲಿ 1990ರ ದಶಕದ ಡಿಫ್‌ಮ್ಯಾಪ್ ತಂತ್ರಾಂಶ ಕೂತಿತ್ತು. ಹೊಸದು ತೋರಿಸಿದ ಉಂಗುರವನ್ನೇ ಹಳೆಯದೂ ತೋರಿಸಿದ್ದರಿಂದ ತಂಡಕ್ಕೆ ಧೈರ್ಯ ಬಂತು.

ನಮ್ಮ ಕಡೆಯ ಸಾಕ್ಷ್ಯವೂ ಇದೆ. ಪುಣೆಯ ಬಳಿ ಖೊಡದ್‌ನಲ್ಲಿ ಗೋವಿಂದ ಸ್ವರೂಪ್ ಕಟ್ಟಿಸಿದ ಜಿಎಂಆರ್‌ಟಿ ರೇಡಿಯೋ ದೂರದರ್ಶಕಕ್ಕೆ 45 ಮೀಟರ್ ಅಗಲದ 30 ತಟ್ಟೆಗಳು. ಅದು 2010ರಿಂದ 2012ರವರೆಗೆ 150 ಮೆಗಾಹರ್ಟ್ಸ್‌ನಲ್ಲಿ ಆಕಾಶವನ್ನು ಜಾಲಾಡಿ ತಂದ ದತ್ತಾಂಶ, ಅಯಾನುಗೋಳದ ಹೊಯ್ದಾಟದಿಂದಾಗಿ ಸಂಸ್ಕರಿಸಲು ಬಲು ತೊಡಕಿನದಾಗಿತ್ತು. ಹ್ಯೂಬ್ ಇಂಟೆಮಾ ಅವರ ಸ್ಪ್ಯಾಮ್ ಎಂಬ ತಂತ್ರಾಂಶ ಅದನ್ನು ಬಿಡಿಸಿತು. ಸ್ಪ್ಯಾಮ್ ಪೈಥಾನ್‌ನಲ್ಲಿದೆ; ಆದರೆ ಅದು ಒಳಗೆ ದುಡಿಸಿಕೊಳ್ಳುವುದು ಏಪ್ಸ್ ಅನ್ನು. 2017ರಲ್ಲಿ ಪ್ರಕಟವಾದ ಆ ನಕ್ಷೆಯಲ್ಲಿ 6.2 ಲಕ್ಷ ರೇಡಿಯೋ ಮೂಲಗಳಿವೆ. 1978ರಲ್ಲಿ ಹುಟ್ಟಿದ ಕೋಡಿಗೆ ಅದು 39ನೆಯ ವರ್ಷ.

ಬರೆದಿಟ್ಟ ಕೋಡು ತಾನಾಗಿ ಸವೆಯುವುದಿಲ್ಲವಲ್ಲ, ಅದಕ್ಕೇಕೆ ಆರೈಕೆ ಎಂದು ಕೇಳಬಹುದು. ಸವೆಯುವುದು ಅದು ನಿಂತ ನೆಲ. ಮಲೆನಾಡಿನಲ್ಲಿ ಹಂಚು ಒಡೆದಿರಲಿ ಬಿಡಲಿ, ಮಳೆಗಾಲಕ್ಕೆ ಮುಂಚೆ ಮಾಡು ಹತ್ತಿ ಕೈಯಾಡಿಸಲೇಬೇಕಲ್ಲ, ಹಾಗೆ. ಕೈಯಾಡಿಸದಿದ್ದರೆ ಏನಾಗುತ್ತದೆ ಎಂಬುದಕ್ಕೆ ರಸಾಯನಶಾಸ್ತ್ರದ ಒಂದು ಪ್ರಕರಣವಿದೆ. ಅಣುಗಳ ಎನ್‌ಎಂಆರ್ ಲೆಕ್ಕಾಚಾರಕ್ಕೆ ನೆರವಾಗುವ ಪುಟ್ಟ ಪೈಥಾನ್ ಸ್ಕ್ರಿಪ್ಟುಗಳು 2014ರಲ್ಲಿ ಪ್ರಕಟವಾಗಿ ಅನೇಕರ ಕೈಸೇರಿದ್ದವು. 2019ರಲ್ಲಿ ಹವಾಯಿ ವಿಶ್ವವಿದ್ಯಾಲಯದ ತಂಡಕ್ಕೆ ಅದೇ ದತ್ತಾಂಶಕ್ಕೆ ಬೇರೆ ಬೇರೆ ಕಂಪ್ಯೂಟರಿನಲ್ಲಿ ಬೇರೆ ಬೇರೆ ಉತ್ತರ ಬಂತು. ಕಾರಣ ಹುಡುಕಿದರೆ, ಸ್ಕ್ರಿಪ್ಟು ಕಡತಗಳನ್ನು ಆಪರೇಟಿಂಗ್ ಸಿಸ್ಟಂ ಕೊಟ್ಟ ಕ್ರಮದಲ್ಲೇ ಜೋಡಿಸಿಕೊಳ್ಳುತ್ತಿತ್ತು. ಬರೆದವರ ಯಂತ್ರದಲ್ಲಿ ಆ ಕ್ರಮ ಸರಿಯಿತ್ತು. ಬೇರೆ ವ್ಯವಸ್ಥೆಗಳಲ್ಲಿ ಹಾಗಿರಬೇಕೆಂಬ ನಿಯಮವೇನೂ ಇಲ್ಲ. ಕಡತಗಳನ್ನು ಮೊದಲು ಅಕಾರಾದಿ ಜೋಡಿಸು ಎನ್ನುವಷ್ಟೇ ತಿದ್ದುಪಡಿ ಸಾಕಾಯಿತು. ಅಷ್ಟರಲ್ಲಿ ನೂರಕ್ಕೂ ಹೆಚ್ಚು ಪ್ರಬಂಧಗಳ ಮೇಲೆ ಅನುಮಾನದ ನೆರಳು ಬಿದ್ದಿತ್ತು.

ಯಂತ್ರ ಕೆಟ್ಟು ನಿಂತರೆ ಗೊತ್ತಾಗುತ್ತದೆ. ತಂತ್ರಾಂಶ ಕೆಟ್ಟೂ ನಗುನಗುತ್ತ ಉತ್ತರ ಕೊಡುತ್ತದೆ. ಅದೇ ಭಯ.

ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವಿದ್ಯಾರ್ಥಿಗಳಿಗೆ ಐರಾಫ್ ಎಂಬ ಹೆಸರು ಚಿರಪರಿಚಿತ. ಕಾವಲೂರಿನ ವೈನು ಬಾಪು ದೂರದರ್ಶಕದಿಂದ ಬಂದ ವರ್ಣಪಟಲವಾಗಲಿ, ಹೊಸಕೋಟೆಯಲ್ಲಿ ಕೂತು ಉಪಗ್ರಹ ಸಂಪರ್ಕದ ಮೂಲಕ ನಡೆಸುವ ಲಡಾಖ್‌ನ ಹಾನ್ಲೆ ದೂರದರ್ಶಕದ ಚಿತ್ರವಾಗಲಿ, ಅದನ್ನು ಶುದ್ಧಿ ಮಾಡುವ ಕೆಲಸ ಬಹುಕಾಲ ಐರಾಫ್‌ನಲ್ಲೇ ನಡೆದಿದೆ. 1981ರಲ್ಲಿ ಕಿಟ್ ಪೀಕ್‌ನವರು ಇದನ್ನು ಆರಂಭಿಸಿದರು. ವಿನ್ಯಾಸಕಾರ ಡಗ್ ಟೋಡಿ. ಯಾವ ಯಂತ್ರಕ್ಕೂ ಅಂಟಿಕೊಳ್ಳಬಾರದೆಂದು ಅವರು ಎಸ್‌ಪಿಪಿ ಎಂಬ ಹೊಸ ಭಾಷೆಯನ್ನೇ ಕಟ್ಟಿದರು. ಅದರಲ್ಲಿ ಬರೆದದ್ದು ಮೊದಲು ಫೋರ್ಟ್ರಾನ್ ಆಗಬೇಕು, ಫೋರ್ಟ್ರಾನ್ ಸಿ ಭಾಷೆಗೆ ತಿರುಗಬೇಕು, ಸಿ ಯಂತ್ರಭಾಷೆಯಾಗಬೇಕು. 1980ರ ದಶಕದಲ್ಲಿ ಇದು ದೂರದೃಷ್ಟಿ. ಈಗ ಇದೇ ಹೊರೆ, ಏಕೆಂದರೆ ಎಸ್‌ಪಿಪಿ ಗೊತ್ತಿರುವವರು ಲೋಕದಲ್ಲಿ ಬೆರಳೆಣಿಕೆಯಷ್ಟು ಮಂದಿ.

2013ರಲ್ಲಿ ಅಧಿಕೃತ ಅಭಿವೃದ್ಧಿ ನಿಂತಿತು. ಜನ ಪೈಥಾನ್‌ನ ಆಸ್ಟ್ರೋಪೈ ಸಂಗ್ರಹದ ಕಡೆ ಹೊರಳಿದರು, ಅದು ಸರಿಯಾದ ದಾರಿಯೂ ಹೌದು. ಆದರೆ ಹಳೆಯ ಅಳತೆಗಳನ್ನು ಹೊಸದರೊಂದಿಗೆ ಹೋಲಿಸಬೇಕಾದವರಿಗೆ ಐರಾಫ್ ಬೇಕೇ ಬೇಕು. ಸ್ವಯಂಸೇವಕರ ಒಂದು ಸಣ್ಣ ಗುಂಪು ಅದನ್ನು ಕೈಗೆತ್ತಿಕೊಂಡಿತು. ಅವರ ಕೆಲಸದ ಪಟ್ಟಿ ನೋಡಿದರೆ ನಿರ್ವಹಣೆ ಎಂದರೇನು ಎಂಬುದು ತಿಳಿಯುತ್ತದೆ. ಹಿಂದೆ ಯಾರೋ ಒಂದು ಪಠ್ಯಪುಸ್ತಕದಿಂದ ಎತ್ತಿ ಸೇರಿಸಿದ್ದ ಕೋಡಿಗೆ ಹಂಚಿಕೆಯ ಹಕ್ಕಿರಲಿಲ್ಲ. ಅದನ್ನು ಕಿತ್ತು ಅದೇ ಗಣಿತವನ್ನು ಬೇರೆ ಕೋಡಿನಿಂದ ತುಂಬಬೇಕು. ತೊಂದರೆಯಾದಾಗ ಪ್ರೋಗ್ರಾಂ ಹಿಂದಿನ ಸುರಕ್ಷಿತ ಜಾಗಕ್ಕೆ ಜಿಗಿಯಲು ಅಸೆಂಬ್ಲಿ ಭಾಷೆಯ ಒಂದು ಚಿಕ್ಕ ತುಣುಕು ಬೇಕು. ಪ್ರೊಸೆಸರ್ ಬದಲಾದಂತೆಲ್ಲ ಅದನ್ನು ಹೊಸದಾಗಿ ಬರೆಯಬೇಕು. ಇದರಲ್ಲಿ ಯಾವುದರಿಂದಲೂ ಹೊಸ ನಕ್ಷತ್ರ ಸಿಗುವುದಿಲ್ಲ. ಪ್ರಬಂಧವೂ ಆಗುವುದಿಲ್ಲ. ಹಾಗಾಗಿ ಬಡ್ತಿಯೂ ಇಲ್ಲ.

ಈ ಅನ್ಯಾಯ ತಡವಾಗಿಯಾದರೂ ಚರ್ಚೆಗೆ ಬಂದಿದೆ. 2012ರಲ್ಲಿ ಬ್ರಿಟನ್ನಿನಲ್ಲಿ ‘ರಿಸರ್ಚ್ ಸಾಫ್ಟ್‌ವೇರ್ ಎಂಜಿನಿಯರ್’ ಎಂಬ ಹುದ್ದೆಗೆ ಹೆಸರಿಟ್ಟು ಅದಕ್ಕೊಂದು ವೃತ್ತಿಯ ಸ್ಥಾನ ಕೇಳಿದರು. 2020ರಲ್ಲಿ ಫ್ರಾನ್ಸಿನ ವಿಜ್ಞಾನಿಗಳು ಸಹೋದ್ಯೋಗಿಗಳಿಗೆ ಒಂದು ಸವಾಲು ಒಡ್ಡಿದರು: ಹತ್ತು ವರ್ಷ ಹಿಂದೆ ನೀವೇ ಬರೆದ ಕೋಡನ್ನು ಇಂದು ಓಡಿಸಿ ನೋಡಿ. ಸಂಘಟಕರಲ್ಲೊಬ್ಬರಾದ ನಿಕೊಲಾ ರೂಜಿಯೆ ತಮ್ಮ 16ನೆಯ ವಯಸ್ಸಿನಲ್ಲಿ ಆಪಲ್ 2 ಯಂತ್ರಕ್ಕೆ ಬರೆದು ಪತ್ರಿಕೆಯಲ್ಲಿ ಪ್ರಕಟಿಸಿದ್ದ ಪ್ರೋಗ್ರಾಮನ್ನು 32 ವರ್ಷದ ನಂತರ ಓಡಿಸಿ ತೋರಿಸಿದರು. ಅದು ಸಾಧ್ಯವಾದದ್ದು ಪತ್ರಿಕೆಯಲ್ಲಿ ಕೋಡು ಪೂರ್ತಿ ಅಚ್ಚಾಗಿದ್ದರಿಂದ.

ಭಾರತಕ್ಕೆ ಈ ಮಾತು ಈಗ ಇನ್ನಷ್ಟು ತುರ್ತಿನದು. ದಕ್ಷಿಣ ಆಫ್ರಿಕಾ ಮತ್ತು ಆಸ್ಟ್ರೇಲಿಯಾದಲ್ಲಿ ಏಳುತ್ತಿರುವ ಎಸ್‌ಕೆಎ ರೇಡಿಯೋ ದೂರದರ್ಶಕಕ್ಕೆ ಕೇಂದ್ರ ಸರ್ಕಾರ 1,250 ಕೋಟಿ ರೂಪಾಯಿಯ ಪಾಲು ಒಪ್ಪಿಕೊಂಡಿದೆ. ಅದರ ನರಮಂಡಲವೆನ್ನಬಹುದಾದ ನಿಯಂತ್ರಣ ತಂತ್ರಾಂಶದ ವಿನ್ಯಾಸದಲ್ಲಿ ಪುಣೆಯ ರಾಷ್ಟ್ರೀಯ ರೇಡಿಯೋ ಖಭೌತ ಕೇಂದ್ರ ಮುಂಚೂಣಿಯಲ್ಲಿತ್ತು. ಯೋಜನೆಯ ಪ್ರಕಾರ ಎಸ್‌ಕೆಎ ಆಯುಷ್ಯ 50 ವರ್ಷ. ಇಂದು ಅದರ ಕೋಡು ಬರೆಯುವ ಯುವಕ ಯುವತಿಯರು ನಿವೃತ್ತರಾದ ಮೇಲೂ ಆ ತಟ್ಟೆಗಳು ತಿರುಗುತ್ತಿರಬೇಕು. ಮೂರು ವರ್ಷದ ಗುತ್ತಿಗೆ, ಐದು ವರ್ಷದ ಪ್ರಾಜೆಕ್ಟ್ ಎಂಬ ಲೆಕ್ಕದಲ್ಲಿ ಇದು ನಡೆಯುವ ಮಾತಲ್ಲ. ತಂತ್ರಾಂಶ ನೋಡಿಕೊಳ್ಳುವವರಿಗೆ ಕಾಯಂ ಹುದ್ದೆ, ಬಡ್ತಿಯ ಏಣಿ, ಅವರ ಕೈಕೆಳಗೆ ಕಲಿಯುವ ಕಿರಿಯರು, ಇವನ್ನು ದೂರದರ್ಶಕದ ಅಂದಾಜುಪಟ್ಟಿಯಲ್ಲೇ ಈಗಲೇ ಸೇರಿಸಬೇಕು. ಅಲ್ಲಿಯವರೆಗೆ ವಿದ್ಯಾರ್ಥಿಗಳು ಒಂದು ಕೆಲಸವನ್ನಾದರೂ ಮಾಡಬಹುದು: ಪ್ರಬಂಧದ ಕೊನೆಯಲ್ಲಿ ಮಾರ್ಗದರ್ಶಕರ ಹೆಸರು ಬರೆಯುವಾಗ, ಬಳಸಿದ ತಂತ್ರಾಂಶದ ಹೆಸರು, ಅದರ ಆವೃತ್ತಿ, ಅದನ್ನು ನೋಡಿಕೊಂಡು ಬಂದವರ ಹೆಸರನ್ನೂ ಬರೆಯಿರಿ.